ಬೈದರೆ ಮಾತ್ರ ಇಳಿಯುವ ಹಿಟ್ಟು

ನಮ್ಮೂರಲ್ಲಿ ಉಪ್ಪು ತಾನಾಗಿ ಬೀಳುವುದಿಲ್ಲ. ಬೈಯಬೇಕು. ಡಬ್ಬ ಬೋರಲು ಹಾಕಿ ಎಷ್ಟು ಹೊತ್ತು ಹಿಡಿದುಕೊಂಡರೂ ಒಳಗೇ ಕಚ್ಚಿಕೊಂಡು ಕೂತಿರುತ್ತದೆ. ಸಕ್ಕರೆ, ಅಕ್ಕಿ, ಹಿಟ್ಟು, ಮರಳು, ಸಿಮೆಂಟು, ಎಲ್ಲದರದ್ದೂ ಅದೇ ಸೊಕ್ಕು. ಕುಲುಕಿದರೆ ಬೀಳುವುದಿಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಕೈಯಲ್ಲಿ ಕುಲುಕಿದರೆ ಅದಕ್ಕೆ ತೊಟ್ಟಿಲು ತೂಗಿದ ಹಾಗೆ, ಇನ್ನಷ್ಟು ನಿದ್ದೆ ಹೋಗುತ್ತದೆ. ಬಾಯಿಮಾತಿಗೆ ಬೈದರೂ ನಡೆಯುವುದಿಲ್ಲ, ಹೊಟ್ಟೆಯೊಳಗಿಂದ ಕೋಪ ಬಂದಿರಬೇಕು. ಅದಕ್ಕೇ ನಮ್ಮಲ್ಲಿ ಉಪ್ಪು, ಸಕ್ಕರೆ ಡಬ್ಬಗಳನ್ನು ಮುಚ್ಚಳ ತೆಗೆದು, ಬಾಯಿ ಕೆಳಗೆ ಮಾಡಿ ಮೊಳೆಗೆ ತೂಗುಹಾಕಿರುತ್ತಾರೆ. ಬೈಯುವಾಗ ಎರಡೂ ಕೈ ಖಾಲಿ ಇರಬೇಕಲ್ಲ.

ಹೊಸದಾಗಿ ಮದುವೆಯಾದವರ ಮನೆಯ ಸಾರಿನಲ್ಲಿ ಉಪ್ಪಿರುವುದಿಲ್ಲ. ಅಕ್ಕಪಕ್ಕದವರು ತಮ್ಮ ಮನೆಯಲ್ಲಿ ಇಳಿಸಿದ್ದನ್ನೇ ಒಂದು ಬಟ್ಟಲು ಕೊಟ್ಟು ಕಳಿಸುತ್ತಾರೆ. ಆಮೇಲೊಂದು ದಿನ ಆ ಮನೆಯ ಹುಡುಗಿ ಬಟ್ಟಲು ವಾಪಸು ತಂದು, "ಇನ್ನು ಬೇಡ ಅತ್ತೆಮ್ಮ, ನಮ್ಮನೇದು ನಾವೇ ಇಳಿಸ್ಕೋತೀವಿ" ಅಂದಳೆಂದರೆ, ಸಂಸಾರ ಒಂದು ಹದಕ್ಕೆ ಬಂತು ಎಂದು ಎಲ್ಲರಿಗೂ ಸಮಾಧಾನ. ಮನೆ ಕಟ್ಟುವ ಮೇಸ್ತ್ರಿಗಳು ಸಿಮೆಂಟು ಚೀಲ ಬಿಚ್ಚುವ ದಿನ ತಮ್ಮ ಭಾಮೈದನನ್ನು ಕೆಲಸಕ್ಕೆ ಕರೆಯುತ್ತಾರೆ. ಅವನ ಮುಖ ನೋಡಿದರೆ ಸಾಕು, ಚೀಲ ತಾನೇ ಖಾಲಿಯಾಗುತ್ತದೆ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟರು ಸಾಧು ಮನುಷ್ಯ. ಪಾಪ, ಜೀವಮಾನವೆಲ್ಲ ಸಪ್ಪೆ ಊಟ.

ಮನೆ ಮಟ್ಟಿಗೆ ಇದೆಲ್ಲ ಸರಿ. ಊರಿನ ಹಿಟ್ಟಿನ ಕಣಜಕ್ಕೆ ಬೈಯುವವರು ಯಾರು? ನಾನು. ನನ್ನ ಹೆಸರು ಬೋರೇಶ. ಕಣಜ ಅಂದರೆ ಮನೆ ಮೂಲೆಯಲ್ಲಿಡುವ ಬಿದಿರಿನದ್ದಲ್ಲ. ಗಿರಣಿಯ ಪಕ್ಕದಲ್ಲಿ ತೆಂಗಿನಮರಕ್ಕಿಂತ ಎತ್ತರ ನಿಂತಿರುವ ಕಬ್ಬಿಣದ್ದು. ಮೇಲೆ ಡ್ರಮ್ಮಿನ ಹಾಗೆ ದುಂಡಗೆ, ಕೆಳಗೆ ಆಲಿಕೆಯ ಹಾಗೆ ಚೂಪು, ಚೂಪಿನ ತುದಿಯಲ್ಲಿ ಅಡ್ಡಕ್ಕೆ ಸರಿಯುವ ಗೇಟು. ಗಿರಣಿಯಲ್ಲಿ ಬೀಸಿದ ರಾಗಿಹಿಟ್ಟು ಗಾಳಿಕೊಳವೆಯಲ್ಲಿ ಮೇಲೆ ಹೋಗಿ ಅದರೊಳಗೆ ತುಂಬಿಕೊಳ್ಳುತ್ತದೆ. ಏರುವುದಕ್ಕೆ ಅದಕ್ಕೆ ಯಾವ ತಕರಾರೂ ಇಲ್ಲ, ಇಳಿಯುವುದಕ್ಕೇ ಜಂಬ. ಗೇಟಿನ ಮೇಲ್ಗಡೆ ಕಮಾನು ಕಟ್ಟಿಕೊಂಡು ನಿಂತುಬಿಡುತ್ತದೆ. ಇಡೀ ಊರು ಮುದ್ದೆ ಉಣ್ಣುವುದು ಆ ಹಿಟ್ಟಿನಿಂದ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಯಾರೋ ಮಾಡಿದ ತಪ್ಪಿಗೆ ಹೆಡ್‌ಮಾಸ್ಟರು ನನ್ನನ್ನು ಬಿಸಿಲಿಗೆ ನಿಲ್ಲಿಸಿದರು. ನಾನು ಅವರಿಗೆ ಕೊಟ್ಟ ಬೈಗುಳಕ್ಕೆ ಬಿಸಿಯೂಟದ ಕೋಣೆಯಲ್ಲಿದ್ದ ಅಕ್ಕಿ ಮೂಟೆಗಳು ಹೊಲಿಗೆ ಕಿತ್ತುಕೊಂಡು ಹೊರಗೆ ಸುರಿದವು. ಸಾಯಂಕಾಲದೊಳಗೆ ಕಣಜ ಕಮಿಟಿಯ ಅಧ್ಯಕ್ಷ ಗುರುಸಿದ್ದಯ್ಯ ನಮ್ಮ ಮನೆ ಜಗುಲಿಯ ಮೇಲಿದ್ದರು. "ಒಳ್ಳೇ ಕೋಪ ಕಣಮ್ಮ ಇವಂದು. ಓದ್ಸಿ ಹಾಳು ಮಾಡ್ಬೇಡ" ಅಂದರು ನಮ್ಮವ್ವನಿಗೆ. ಅಲ್ಲಿಗೆ ನನ್ನ ಓದು ಮುಗಿಯಿತು. ಎಂಟನೇ ಕ್ಲಾಸಿನ ಬೆಂಚು ಕಲ್ಲಿನದೋ ಮರದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಇದು ನ್ಯಾಯವೇ, ನೀವೇ ಹೇಳಿ.

ದಿನಾ ಬೆಳಿಗ್ಗೆ ಜನ ಚೀಲ ಹಿಡಿದು ಸಾಲು ನಿಲ್ಲುತ್ತಾರೆ. ನಾನು ಕಣಜದ ಆಲಿಕೆಗೆ ಹಣೆ ಮತ್ತು ಎರಡೂ ಅಂಗೈ ಒತ್ತಿ ಶುರುಮಾಡುತ್ತೇನೆ. "ಲೇ ಮೈಗಳ್ಳ ಮುಂಡೇದೆ, ಬೀಸಿದ್ದು ಯಾರೋ, ತುಂಬಿದ್ದು ಯಾರೋ, ನೀನು ಮಾವನ ಮನೆಗೆ ಬಂದ ಅಳಿಯನ ಹಾಗೆ ಒಳಗೆ ಮಲಗಿದೀಯಾ? ಇಳೀತೀಯೋ, ಇಲ್ಲ ನಿನ್ನ ರಾಗಿ ಹೊಲಕ್ಕೆ ಹೋಗಿ ನಿಮ್ಮಪ್ಪನ್ನ ಬುಡಸಮೇತ ಕೀಳ್ಲೋ?" ಹೀಗೆ. ನಾನು ಬೈದು ಮುಗಿಸಿದ ಮೇಲೆ ಗುರುಸಿದ್ದಯ್ಯ ಉಡಿದಾರದಿಂದ ಬೀಗದಕೈ ಬಿಚ್ಚಿ ಗೇಟು ಸರಿಸುತ್ತಾರೆ. ಬೈಗುಳ ಮುಗಿಯುವ ಮುನ್ನ ಗೇಟು ತೆಗೆಯುವ ಹಾಗಿಲ್ಲ. ಅದು ಊರಿನ ಪದ್ಧತಿ. ಒಬ್ಬರು ಮಾತಾಡುತ್ತಿರುವಾಗ ನಡುವೆ ಎದ್ದುಹೋಗುವುದು ಹಿಟ್ಟಿಗಾದರೂ ಮರ್ಯಾದೆಯಲ್ಲವಂತೆ.

ನನಗೆ ಕೋಪಕ್ಕೆ ಎಂದೂ ಬರಗಾಲ ಬಂದಿರಲಿಲ್ಲ. ಬರಲು ಊರು ಬಿಟ್ಟರೆ ತಾನೇ? ಟೀ ಅಂಗಡಿ ರಾಚಯ್ಯ ಎಲ್ಲರಿಗೂ ಹೊಗೆಯಾಡುವ ಟೀ ಕೊಟ್ಟು ನನಗೆ ಮಾತ್ರ ತಣ್ಣಗಿನದನ್ನು, ಮೇಲೊಂದು ಇರುವೆ ತೇಲಿಸಿ ಕೊಡುತ್ತಿದ್ದ. ಗುಡಿಗೆ ಹೋದರೆ ನನ್ನ ಒಂದೇ ಕಾಲಿನ ಚಪ್ಪಲಿ ಕಳೆಯುತ್ತಿತ್ತು. ಕ್ಷೌರದವನು ಮೀಸೆ ಒಂದು ಕಡೆ ತೆಗೆದು, "ತಡಿ, ಊಟ ಮಾಡ್ಕಂಡು ಬತ್ತೀನಿ" ಎಂದು ಹೋದವನು ಮಾರನೇ ದಿನ ಬರುತ್ತಿದ್ದ. ಇಷ್ಟೆಲ್ಲದರ ಮೇಲೆ ಜಯಶೀಲ.

ಜಯಶೀಲ ಮೋಟರ್ ರಿಪೇರಿ ಅಂಗಡಿಯವಳು. ಅವಳಪ್ಪನಿಗೆ ಕಣ್ಣು ಮಂಜಾದ ಮೇಲೆ ತಾಮ್ರದ ತಂತಿ ಸುತ್ತುವ ಕೆಲಸವೆಲ್ಲ ಅವಳದ್ದೇ. ಕೈಯೆಲ್ಲ ವಾರ್ನಿಷಿನ ವಾಸನೆ. ಆ ವಾಸನೆ ಗಾಳಿಯಲ್ಲಿ ಬಂದರೆ ಸಾಕು, ನಾನು ಬೈಗುಳದ ಸಾಲು ಮರೆಯುತ್ತಿದ್ದೆ. ಮದುವೆಯಾಗುತ್ತೀಯಾ ಎಂದು ಅವಳನ್ನು ಮೂರು ಸಲ ಕೇಳಿದ್ದೆ. ಮೂರು ಸಲವೂ ಬೀದಿಗೆಲ್ಲ ಕೇಳುವ ಹಾಗೆ, "ಏಳನೇ ಕ್ಲಾಸಿಗೇ ಓಡಿಬಂದ ಮುಖಕ್ಕೆ ನಾನು ಬೇಕಾ? ನಡಿಯೋ ಆಚೆ!" ಎಂದು ಅಟ್ಟಿದ್ದಳು. ಅಂಥ ದಿನ ಕಣಜದಿಂದ ಎಷ್ಟು ಹಿಟ್ಟು ಇಳಿಯುತ್ತಿತ್ತೆಂದರೆ, ಜನ ಮನೆಗೆ ಓಡಿ ಇನ್ನೊಂದು ಚೀಲ ತರುತ್ತಿದ್ದರು.

ನಾಲ್ಕನೇ ಸಲ ಕೇಳಲೆಂದೇ ಒಂದು ಸಂಜೆ ಹೋದೆ. ನಾನು ಬಾಯಿ ತೆರೆಯುವ ಮುಂಚೆಯೇ ಅವಳು ಅಂಗಡಿಯ ಶಟರು ಅರ್ಧ ಎಳೆದಳು. ಮೇಜಿನ ಮೇಲ್ಗಡೆ ಮೊಳೆಗೆ ತೂಗುಬಿಟ್ಟಿದ್ದ ಸಕ್ಕರೆ ಡಬ್ಬ ತೋರಿಸಿ ಕೇಳಿದಳು, "ಬೋರೇಶ, ಮೂರು ಸಲ ನಿನ್ನ ಬೈದೆನಲ್ಲ, ಈ ಡಬ್ಬದಿಂದ ಒಂದು ಹರಳಾದ್ರೂ ಬಿತ್ತಾ? ನೋಡಿದ್ಯಾ ನೀನು?"

ಯೋಚಿಸಿದೆ. ಬಿದ್ದಿರಲಿಲ್ಲ. ಮೂರು ಸಲವೂ ನಾನು ಅವಳ ಮುಖ ನೋಡಲಾಗದೆ ಆ ಮೇಜನ್ನೇ ನೋಡುತ್ತಿದ್ದೆ. ಮೇಜು ಒರೆಸಿಟ್ಟ ಹಾಗೆ ಖಾಲಿಯಿತ್ತು.

"ಸುಳ್ಳು ಕೋಪ ಅದು. ಪಾಳಿ" ಅಂದಳು. "ನಿನ್ನ ಕೆರಳಿಸೋ ಪಾಳಿ. ರಾಚಯ್ಯಂದು ಟೀ, ಪೂಜಾರಪ್ಪಂದು ಚಪ್ಪಲಿ, ನಂದು ಇದು. ಊರು ಉಣ್ಬೇಕು, ನೀನೂ ನಿನ್ನ ಪಾಲಿಂದು ಮಾಡ್ಬೇಕು ಅಂತ ಗುರುಸಿದ್ದಯ್ಯನೋರು ಅಪ್ಪನ ಮುಂದೆ ಕೂತು ಹೇಳಿದ್ರು. ನಮ್ಮಪ್ಪನೂ ಮುದ್ದೆ ಉಣ್ಣೋನೇ ಅಲ್ವಾ."

ಊರೆಲ್ಲ ಸೇರಿ ನನ್ನನ್ನು ಇಷ್ಟು ವರ್ಷ ಹಸಿ ಕಟ್ಟಿಗೆಯ ಹಾಗೆ ಊದಿ ಊದಿ ಉರಿಸಿದ್ದಾರೆಂದು ಗೊತ್ತಾದಾಗ ಕೊಡಲಿ ಹಿಡಿದು ಹೊರಡಬೇಕಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಒಂದು ಹರಳೂ ಬಿದ್ದಿರಲಿಲ್ಲ. "ಹಾಗಾದ್ರೆ ನಿಜವಾದ ಮಾತು ಹೇಳು ಈಗ" ಅಂದೆ.

"ಈಗ ಹೇಳಲ್ಲ. ಹ್ಞೂಂ ಅಂದ್ರೆ ನೀನು ಖುಷಿಯಾಗಿ ಊರು ಉಪವಾಸ ಬೀಳುತ್ತೆ. ಊಹ್ಞೂಂ ಅಂದ್ರೆ ಪಾಳಿ ಆಗುತ್ತೆ. ಎರಡರಲ್ಲೂ ನನ್ನದು ಅನ್ನೋ ಮಾತು ಎಲ್ಲಿದೆಯೋ? ಮೊದಲು ಇದು ಓಡಲಿ. ಆಮೇಲೆ ನನ್ನ ಬಾಯಲ್ಲೇ ಕೇಳ್ಕೋ."

'ಇದು' ಅಂದರೆ ಮೂಲೆಯಲ್ಲಿ ಗೋಣಿತಾಟು ಹೊದಿಸಿ ಇಟ್ಟಿದ್ದ ಮೋಟರು. ಅದರ ಅಚ್ಚಿನ ಎರಡೂ ತುದಿಗೆ ಅರ್ಧಚಂದ್ರದ ಆಕಾರದ ಕಬ್ಬಿಣದ ಬಿಲ್ಲೆ ಹಾಕಿದ್ದಳು, ಭಾರವೆಲ್ಲ ಒಂದೇ ಕಡೆ ವಾಲುವ ಹಾಗೆ. ಹೊರಗಿನ ಸಿಮೆಂಟು ಫ್ಯಾಕ್ಟರಿಗಳಲ್ಲಿ ಇದಕ್ಕೆ ವೈಬ್ರೇಟರ್ ಅನ್ನುತ್ತಾರಂತೆ. ತಿರುಗಿದರೆ ನಿಂತಲ್ಲಿ ನಿಲ್ಲದೆ ಗಡಗಡ ಅದುರುತ್ತದೆ. "ದಿನಾ ನೀನು ಬೈಯುವಾಗ ನಾನು ಕಣಜದ ಆ ಕಡೆ ಕೈಯಿಟ್ಟು ನಿಂತಿರ್ತಿದ್ದೆ" ಅಂದಳು. "ನಿನ್ನ ಕೋಪ ಅಂದ್ರೆ ಏನು ಗೊತ್ತಾ? ನಡುಕ. ಕೈಯಲ್ಲಿ ಕುಲುಕೋದು ದೊಡ್ಡದು, ನಿಧಾನ. ಕೋಪದ ನಡುಕ ಸಣ್ಣದು, ಬಲೇ ಜೋರು. ಹಣೆಯಿಂದ ಕಬ್ಬಿಣಕ್ಕೆ ಹೋಗುತ್ತೆ, ಕಬ್ಬಿಣದಿಂದ ಹಿಟ್ಟಿಗೆ ಹೋಗುತ್ತೆ, ಕಮಾನು ಮುರಿಯುತ್ತೆ. ಅದನ್ನ ಮೋಟರಿಗೆ ಕೊಟ್ಟರೆ ನಿನ್ನ ಹಣೆ ನಿಂಗೆ ಉಳಿಯುತ್ತೆ."

ನಾನು ಬಿಲ್ಲೆ ಗಿಲ್ಲೆ ಕೇಳಿಸಿಕೊಳ್ಳಲಿಲ್ಲ. ಅವಳು ದಿನಾ ಆ ಕಡೆ ಕೈಯಿಟ್ಟು ನಿಂತಿರುತ್ತಿದ್ದಳು ಎಂಬಲ್ಲಿಗೇ ನನ್ನ ಕಿವಿ ಮುಚ್ಚಿತ್ತು.

ಮನೆಗೆ ಹೋದವನೇ ಕೇಳಿದೆ, "ಅವ್ವ, ನೀನು ನನ್ನ ದಿನಾ ಬೈಯೋದೂ ಪಾಳೀನಾ? ಕಮಿಟಿಯೋರು ಹೇಳಿದ್ದಾ?"

ಅವ್ವ ಸಾರು ಕದಡುತ್ತಿದ್ದ ಸೌಟು ಎತ್ತಿದಳು. "ಯಾವ ಕಮಿಟಿನೋ? ಹೆತ್ತೋಳಿಗೆ ಬೈಯೋಕೆ ಇನ್ನೊಬ್ಬರು ಹೇಳಿಕೊಡ್ಬೇಕೇನೋ, ದಂಡಪಿಂಡ? ಹಾಸಿಗೆ ಮಡಚಲ್ಲ, ಉಂಡ ತಟ್ಟೆ ಎತ್ತಲ್ಲ, ಕೇಳೋಕೆ ಬಂದ ದೊಡ್ಡ ಲಾಯರು!" ಅವಳ ತಲೆಯ ಮೇಲಿನ ಡಬ್ಬದಿಂದ ಉಪ್ಪು ಸೊರ್ರನೆ ಸಾರಿಗೆ ಇಳಿಯಿತು. ಆವತ್ತಿನ ಸಾರು ಬಾಯಿಗಿಡಲಾಗದಷ್ಟು ಉಪ್ಪು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಊರಲ್ಲಿ ಒಬ್ಬಳಾದರೂ ನನ್ನನ್ನು ಮನಸಾರೆ ಬೈದವಳಿದ್ದಳಲ್ಲ.

ಮಾರನೇ ಬೆಳಿಗ್ಗೆ ಕಣಜಕ್ಕೆ ಹಣೆ ಒತ್ತಿ, ಗೊತ್ತಿದ್ದ ಬೈಗುಳವನ್ನೆಲ್ಲ ಒಂದೂ ಬಿಡದೆ ಬೈದೆ. ಗುರುಸಿದ್ದಯ್ಯ ಗೇಟು ತೆಗೆದರು. ಒಂದು ಮುಷ್ಟಿ ಹಿಟ್ಟು ಬಿತ್ತು. ಸಾಲಿನ ಮುಂದಿದ್ದ ಮುದುಕಿ ಚೀಲದೊಳಗೆ ಇಣುಕಿ, "ಇದೇನು ಅಂಗಾರನೇನಪ್ಪ, ಹಣೆಗೆ ಇಟ್ಕಳೋಕೆ?" ಅಂದಳು.

ಸುದ್ದಿ ಹಬ್ಬಿತು. ಪಾಳಿಯವರೆಲ್ಲ ಓಡಿಬಂದು ನನ್ನ ಮೇಲೆ ಬಿದ್ದರು. ರಾಚಯ್ಯ ಟೀಯಲ್ಲಿ ಇರುವೆಗೆ ಬದಲು ಜಿರಳೆ ಹಾಕಿ ತಂದ. "ಪಾಪ, ದೊಡ್ಡದು ಹುಡುಕೋಕೆ ಎಷ್ಟು ಕಷ್ಟಪಟ್ಟೆಯೋ ರಾಚಣ್ಣ" ಎಂದು ಅವನ ಬೆನ್ನು ತಟ್ಟಿದೆ. ಪೂಜಾರಪ್ಪ ನನ್ನ ಎರಡೂ ಚಪ್ಪಲಿಯನ್ನು ನನ್ನ ಕಣ್ಣೆದುರೇ ಬಾವಿಗೆ ಎಸೆದರು. ನನಗೆ ನಗು ತಡೆಯಲಾಗಲಿಲ್ಲ. ನಾಟಕ ಎಂದು ಗೊತ್ತಾದ ಮೇಲೆ ಖಳನನ್ನು ನೋಡಿದರೂ ನಗುವೇ ಬರುತ್ತದೆ. ಮೂರನೇ ದಿನಕ್ಕೆ ಊರಲ್ಲಿ ಮುದ್ದೆ ನಿಂತಿತು. ಮಕ್ಕಳು ಅಳತೊಡಗಿದವು. ನಾಲ್ಕನೇ ದಿನ ಜಯಶೀಲ ಕಮಿಟಿಯ ಮುಂದೆ ನಿಂತು ಮೋಟರಿನ ವಿಷಯ ಹೇಳಿದಳು.

ಗುರುಸಿದ್ದಯ್ಯನವರಿಗೆ ಬೇರೆ ದಾರಿ ಇರಲಿಲ್ಲ. "ಆಗ್ಲಿ" ಅಂದರು. "ಇಳಿದರೆ ಬೋರೇಶನಿಗೆ ಬಿಡುಗಡೆ, ಪಾಳಿ ರದ್ದು. ಇಳೀಲಿಲ್ಲ ಅಂದ್ರೆ ಮೋಟರು ಗುಜರಿಗೆ, ಬೋರೇಶ ಕಣಜಕ್ಕೆ, ನೀನು ನಿನ್ನ ಪಾಳಿಗೆ. ಒಪ್ಪಿಗೇನಾ?"

ಅವಳು ಒಪ್ಪಿದಳು. ಆಲಿಕೆಯ ತಗಡು ಬಿರಿಯದಿರಲೆಂದು ಮೊದಲು ಅದಕ್ಕೊಂದು ದಪ್ಪ ಪಟ್ಟಿ ಬೆಸುಗೆ ಹಾಕಿ, ಆ ಪಟ್ಟಿಯ ಮೇಲೆ ಮೋಟರು ಕೂರಿಸಿ ಬೋಲ್ಟು ಬಿಗಿದಳು. ಊರಿಗೆ ಊರೇ ಚೀಲ ಹಿಡಿದು ಸೇರಿತ್ತು. "ಈಗ ಗೇಟು ತೆಗೀರಿ ಅಯ್ಯನೋರೆ, ಸ್ವಿಚ್ಚು ಹಾಕ್ತೀನಿ" ಅಂದಳು.

"ಏನಮ್ಮ ಮಾತು ಇದು? ಬೈಗುಳ ಮುಗಿಯೋಕೆ ಮುಂಚೆ ಯಾವತ್ತಾದ್ರೂ ಗೇಟು ತೆಗೆದದ್ದು ಉಂಟಾ? ಮೊದಲು ನಿನ್ನ ಯಂತ್ರ ಮಾತು ಮುಗಿಸಲಿ."

"ಅದು ಮಾತಲ್ಲ ಅಯ್ಯನೋರೆ. ಬೋರೇಶನ ನಡುಕಕ್ಕಿಂತ ಇದು ನೂರು ಪಾಲು ಜೋರು. ಗೇಟು ಮುಚ್ಚಿ ಅದುರಿಸಿದ್ರೆ ಹಿಟ್ಟು ಇಳಿಯಲ್ಲ, ಒಂದರ ಮೇಲೊಂದು ಒತ್ತಿ ಕೂರುತ್ತೆ. ಸೇರು ತುಂಬುವಾಗ ಕುಟ್ಟಿ ಕುಟ್ಟಿ ಜಾಸ್ತಿ ಹಿಡಿಸಲ್ವಾ, ಹಂಗೆ ಗಟ್ಟಿಯಾಗಿಬಿಡುತ್ತೆ."

"ಪದ್ಧತಿ ಪದ್ಧತಿನೇ" ಎಂದು ಗುರುಸಿದ್ದಯ್ಯ ಬೀಗದಕೈ ಮುಷ್ಟಿಯಲ್ಲಿ ಹಿಡಿದು ಕುರ್ಚಿಯ ಮೇಲೆ ಕೂತರು. ಅವಳು ಸ್ವಿಚ್ಚಿನಿಂದ ಕೈ ತೆಗೆದು ಹಿಂದೆ ಸರಿದಳು. ಕಮಿಟಿಯವರಲ್ಲೊಬ್ಬ ತಾನೇ ಹೋಗಿ ಸ್ವಿಚ್ಚು ಒತ್ತಿದ.

ಮೋಟರು ಗುಂಯ್ ಎಂದು ಶುರುವಾಯಿತು. ನೆಲ ಅದುರಿತು. ಎದುರಿನ ಅಂಗಡಿಯಲ್ಲಿ ರಾಚಯ್ಯನ ಲೋಟಗಳು ಮೇಜಿನ ಮೇಲೆ ಸಾಲಾಗಿ ನಡೆದುಹೋಗಿ ಕೆಳಗೆ ಬಿದ್ದವು. ಜನ ಕೈಕಟ್ಟಿ ಗೌರವದಿಂದ ಕೇಳಿಸಿಕೊಳ್ಳುತ್ತ ನಿಂತರು. ನಾನು ಬೈದರೆ ಹತ್ತು ನಿಮಿಷಕ್ಕೆ ಉಸಿರು ಕಟ್ಟುತ್ತದೆ, ಮುಗಿಯಿತು ಎಂದು ಎಲ್ಲರಿಗೂ ತಿಳಿಯುತ್ತದೆ. ಮೋಟರಿಗೆ ಉಸಿರೆಲ್ಲಿ? ಗಂಟೆ ಒಂದಾಯಿತು, ಎರಡಾಯಿತು. "ಇದು ಎಂಥಾ ಮಾತುಗಾರ ರೀ, ನಡುವೆ ನಿಲ್ಲಿಸೋದೇ ಇಲ್ವಲ್ಲ" ಎಂದು ಸ್ವಿಚ್ಚು ಒತ್ತಿದವನು ಮೆಚ್ಚಿಕೊಂಡ. ನಿಲ್ಲಿಸಿ ಎಂದು ಜಯಶೀಲ ಕೂಗಿದಳು. ಮಾತಾಡುವವರನ್ನು ನಿಲ್ಲಿಸುವುದು ಇನ್ನೂ ದೊಡ್ಡ ಅವಮರ್ಯಾದೆ ಎಂದು ನಾಲ್ಕು ಜನ ಸ್ವಿಚ್ಚಿಗೆ ಅಡ್ಡ ನಿಂತರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕರೆಂಟು ಹೋಯಿತು. ಮೋಟರು ನಿಂತಿತು. "ಹಾಂ, ಮುಗೀತು ನೋಡಿ" ಎಂದು ಗುರುಸಿದ್ದಯ್ಯ ಎದ್ದು, ಬೀಗ ತೆಗೆದು, ಗೇಟು ಪೂರ್ತಿ ಸರಿಸಿದರು.

ಏನೂ ಬೀಳಲಿಲ್ಲ. ಒಂದು ಮುಷ್ಟಿಯೂ ಇಲ್ಲ. ಗೇಟಿನ ಬಾಯಿಗೆ ಕೋಲು ತೂರಿಸಿದರೆ ಠಣ್ ಎಂದಿತು. ಒಳಗಿನ ಹಿಟ್ಟು ಚಪ್ಪಡಿಯಾಗಿತ್ತು.

ಗುರುಸಿದ್ದಯ್ಯ ಜನರ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. "ಯಂತ್ರದ ಹಣೆಬರಹ ಎಲ್ಲರೂ ನೋಡಿದ್ರಲ್ಲ. ಜಯಶೀಲ, ಆಡಿದ ಮಾತಿಗೆ ನಿಲ್ಲಮ್ಮ. ಇಲ್ಲೇ, ಈಗಲೇ, ನಿನ್ನ ಪಾಳಿ ಶುರುಮಾಡು. ಮುಂಚಿನ ಥರ ಬೇಡ, ಮನಸ್ಸಿಗೆ ನಾಟೋ ಹಾಗೆ ಬೈ. ಜನ ಹಸಿದಿದಾರೆ."

ಜಯಶೀಲ ತಲೆ ಎತ್ತಿದಳು. ಸೋತ ಮುಖ. ಆ ಮುಖದಲ್ಲೇ ನನ್ನ ಕಡೆ ತಿರುಗಿ ಬಾಯಿ ತೆರೆದಳು. "ಏಳನೇ ಕ್ಲಾಸಿಗೇ..." ಎಂದಳು. ಅಷ್ಟಕ್ಕೇ ನಿಲ್ಲಿಸಿದಳು.

ಅಲ್ಲಿಗೆ ನನಗೆ ನಗು ಹೋಯಿತು. ತಣ್ಣಗಿನ ಟೀ ಕೊಟ್ಟರು, ಸರಿ. ಚಪ್ಪಲಿ ಕದ್ದರು, ಸರಿ. ಬೆಂಚು ಕಿತ್ತುಕೊಂಡರು, ಅದನ್ನೂ ನುಂಗಿದೆ. ಇವಳ ಬಾಯಿಗೆ ಕೈ ಹಾಕಿ ಮಾತು ಹೊರಗೆ ಎಳೆಯುತ್ತಾರಲ್ಲ! ನಾನು ಕಣಜಕ್ಕೆ ಬೆನ್ನು ಕೊಟ್ಟು ನಿಂತೆ. ಬೈದದ್ದು ಹಿಟ್ಟಿಗಲ್ಲ. "ಯೋ ಗುರುಸಿದ್ದಯ್ಯ! ನಿನ್ನ ಬೀಗದಕೈಗೆ ತುಕ್ಕು ಹಿಡಿಯ! ಹೆಣ್ಣುಮಗಳು ಗೇಟು ತೆಗಿ ಅಂತ ಬೆಳಿಗ್ಗಿಂದ ಬಡ್ಕೊಂಡಳು, ಕಿವೀಲಿ ಏನು ಸಿಮೆಂಟು ತುಂಬ್ಕೊಂಡಿದ್ಯಾ? ಹೊಟ್ಟೆ ನಿಂದು, ಕೋಪ ನಂದಾ? ಮುದ್ದೆ ಊರಿಂದು, ಬದುಕು ನಂದಾ? ನನ್ನ ಸಿಟ್ಟನ್ನ ಬೆಂದ ರಾಗಿ ಥರ ತೊಳಸಿ ತೊಳಸಿ ಉಂಡ್ರಲ್ಲೋ, ಎಂಜಲು ಕೈ ತೊಳೆಯೋಕಾದ್ರೂ ನಾಚಿಕೆ ಬೇಡ್ವೇನೋ!" ನನ್ನ ಬೆನ್ನ ಹಿಂದೆ ಕಬ್ಬಿಣ ನಡುಗುತ್ತಿತ್ತು. ಸರಿಯಾಗಿ ಆ ಗಳಿಗೆಗೆ ಕರೆಂಟು ಬಂತು. ಸ್ವಿಚ್ಚು ಯಾರೂ ಆರಿಸಿರಲಿಲ್ಲ. ಗೇಟು ಬಾಯಿ ತೆರೆದೇ ಇತ್ತು. ಮೋಟರೂ ನಾನೂ ಒಟ್ಟಿಗೆ ಅದುರಿದೆವು.

ಒಳಗೆ ಬಂಡೆ ಸೀಳಿದ ಸದ್ದು. ಆಮೇಲೆ ಹಿಟ್ಟು ಬಂತು. ಇಳಿಯಿತು ಅನ್ನಲಾರೆ, ತೂಬು ಕಿತ್ತ ಕೆರೆಯ ಹಾಗೆ ನುಗ್ಗಿತು. ಚೀಲ, ಕುರ್ಚಿ, ರಾಚಯ್ಯನ ಒಲೆ, ಪೂಜಾರಪ್ಪನ ಜುಟ್ಟು, ಎಲ್ಲವನ್ನೂ ಮುಚ್ಚಿ ಬೀದಿಗೆ ಹರಿಯಿತು. ಜಯಶೀಲ ಹಿಟ್ಟಿನಲ್ಲಿ ಈಜಿಕೊಂಡು ಹೋಗಿ ಸ್ವಿಚ್ಚು ಆರಿಸಿದಳು. ದೂಳು ಇಳಿದಾಗ ಗುರುಸಿದ್ದಯ್ಯ ಕುತ್ತಿಗೆಯವರೆಗೆ ಹೂತಿದ್ದರು. ಮುಖ ಮುದ್ದೆಯ ಬಣ್ಣ. ಸ್ವಲ್ಪ ಹೊತ್ತು ಕಣ್ಣು ಪಿಳಿಪಿಳಿ ಬಿಟ್ಟು, "ಬೋರೇಶಪ್ಪನೋರೆ, ತಮ್ಮ ಮಾತು ಮುಗೀತಾ?" ಎಂದು ಕೇಳಿದರು.

ಆವತ್ತಿನಿಂದ ಕಣಜಕ್ಕೆ ನಾನು ಬೇಡವಾದೆ. ಮೊದಲು ಗೇಟು, ಆಮೇಲೆ ಸ್ವಿಚ್ಚು. ಮೋಟರು ಒಂದು ಗಳಿಗೆ ಅದುರಿದರೆ ಸಾಕು, ಹಿಟ್ಟು ನೀರಿನ ಹಾಗೆ ಇಳಿಯುತ್ತದೆ. ಈಗ ಇದೇ ಹಿಂದಿನಿಂದ ಬಂದ ಪದ್ಧತಿ ಎಂದು ಗುರುಸಿದ್ದಯ್ಯ ಮಕ್ಕಳಿಗೆ ಹೇಳಿಕೊಡುತ್ತಾರೆ. ಆದರೆ ಕಮಿಟಿಗೆ ಹೊಸದೊಂದು ಭಯ ಹೊಕ್ಕಿತು. ಮೋಟರು ಓಡುವಾಗ ಎಲ್ಲಾದರೂ ನನಗೆ ಕೋಪ ಬಂದರೆ? ಬೋರೇಶನಿಗೆ ಸಿಟ್ಟು ಬರದ ಹಾಗೆ ನೋಡಿಕೊಳ್ಳತಕ್ಕದ್ದು ಎಂದು ತೀರ್ಮಾನವಾಯಿತು.

ಮಾರನೇ ದಿನ ರಾಚಯ್ಯ ಹೊಗೆಯಾಡುವ ಟೀ ತಂದುಕೊಟ್ಟು, "ಸಕ್ಕರೆ ಸರಿಯಾಗಿದ್ಯಾ ಬೋರೇಶಣ್ಣ?" ಅಂದ. ಗುಡಿಯಲ್ಲಿ ನನ್ನ ಹೊಸ ಚಪ್ಪಲಿಗೆ ಪೂಜಾರಪ್ಪನೇ ಕಾವಲು ಕೂತಿದ್ದರು. ಕ್ಷೌರದವನು ಎರಡೂ ಕಡೆ ಮೀಸೆಯನ್ನು ಒಂದೇ ಸಲಕ್ಕೆ ಮುಗಿಸಿದ. ದಾರಿಯಲ್ಲಿ ಕಂಡವರೆಲ್ಲ ನಗುತ್ತಾರೆ. ನನಗೆ ಜೀವಮಾನದಲ್ಲಿ ಅಷ್ಟು ಹೆದರಿಕೆ ಆಗಿರಲಿಲ್ಲ. ಬೈಗುಳಕ್ಕಾದರೆ ಉಪ್ಪಿನ ಡಬ್ಬ ಸಾಕ್ಷಿ ಹೇಳುತ್ತದೆ. ಈ ನಗೆ ನಿಜವೋ ಪಾಳಿಯೋ ಎಂದು ಯಾವ ಡಬ್ಬವನ್ನು ಕೇಳಲಿ?

ಇದೇ ತಲೆಬಿಸಿಯಲ್ಲಿ ಜಯಶೀಲಳ ಅಂಗಡಿಗೆ ಹೋದೆ. ಅವಳು ಯಾವುದೋ ಪಂಪಿಗೆ ತಂತಿ ಸುತ್ತುತ್ತಿದ್ದಳು. ನನ್ನ ಮುಂದೆ ಟೀ ಲೋಟ ಇಟ್ಟಳು. ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ ಹೇಳಿದಳು. "ಓಡ್ತಲ್ಲ ಮೋಟರು. ಕೇಳ್ಕೋ ಈಗ. ಹ್ಞೂಂ."

ಇಷ್ಟು ವರ್ಷ ಕಾದ ಮಾತು. ಎದೆ ಹಿಗ್ಗಬೇಕಿತ್ತು. ಆದರೆ ಬೆಳಿಗ್ಗೆಯಿಂದ ಕಂಡ ನಗುಮುಖಗಳೆಲ್ಲ ಕಣ್ಣೆದುರು ಬಂದು ನಿಂತವು. ನನ್ನ ಬಾಯಿಂದ ಹೊರಟದ್ದು ಇಷ್ಟು: "ಇದೂ ಗುರುಸಿದ್ದಯ್ಯ ಹೇಳಿಕೊಟ್ಟಿದ್ದಾ? ನಿನ್ನ ಹೊಸ ಪಾಳೀನಾ?"

ಅವಳು ಕೂತು ಮತ್ತೆ ಪಂಪಿಗೆ ಕೈ ಹಾಕಿದಳು. ಸುತ್ತುತ್ತಿದ್ದ ತಂತಿ ಕೈಯಲ್ಲೇ ಫಟ್ ಎಂದು ಕಡಿಯಿತು. ನಿಧಾನವಾಗಿ ಎದ್ದು ನಿಂತಳು.

"ಏನಂದೆ? ಇನ್ನೊಂದು ಸಲ ಅನ್ನು, ನಿನ್ನ ನಾಲಿಗೆಗೇ ಬಿಲ್ಲೆ ಕಟ್ಟಿ ಕರೆಂಟು ಕೊಡ್ತೀನಿ! ನಿಂಗೋಸ್ಕರ ಮೈಯೆಲ್ಲ ಬೆಸುಗೆ ಕಿಡಿ ಹಾರಿಸ್ಕೊಂಡೆನಲ್ಲೋ ಗೂಬೆ! ಊರ ಮುಂದೆ ಸೋತು ನಿಂತಿದ್ದು, ಹಿಟ್ಟಲ್ಲಿ ಮುಳುಗಿ ಎದ್ದಿದ್ದು ಎಲ್ಲ ಯಾರ ಪಾಳಿಯೋ? ಜಗತ್ತಲ್ಲಿ ಒಂದು ಮಾತು ನಂದು ಅಂತ ಆಡಿದ್ರೆ ಅದಕ್ಕೂ ಕಮಿಟಿ ಸೀಲು ಬೇಕಾ ನಿಂಗೆ? ಕತ್ತೆ! ಕಣಜದ ತಲೆಯೋನೆ!"

ಟಪ್ ಎಂದಿತು. ಮೇಜಿನ ಮೇಲೆ ಒಂದು ಹರಳು. ಅದರ ಹಿಂದೆ ಇನ್ನೊಂದು. ಆಮೇಲೆ ತೂಗುಬಿಟ್ಟ ಡಬ್ಬದಿಂದ ಸಕ್ಕರೆ ದಾರದ ಹಾಗೆ ಸಣ್ಣಗೆ ಇಳಿಯತೊಡಗಿತು, ದಾರ ಹಗ್ಗದಷ್ಟಾಯಿತು, ತಾಮ್ರದ ಸುರುಳಿಯ ಮೇಲೆ, ಇಕ್ಕಳದ ಮೇಲೆ, ನನ್ನ ಮೊಣಕೈ ಮೇಲೆ ಸುರಿಯಿತು. ಅವಳು ಅದನ್ನು ನೋಡಲಿಲ್ಲ. ಅವಳಿನ್ನೂ ಬೈಯುತ್ತಲೇ ಇದ್ದಳು. ನಾನು ಮೆಲ್ಲಗೆ ನನ್ನ ಟೀ ಲೋಟವನ್ನು ಡಬ್ಬದ ಕೆಳಗೆ ಸರಿಸಿದೆ.